ನಲವತ್ತು ಪೆನ್ಸಿನ ಲಾಭ

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಸರಕಾರ ವಾರವಾರವೂ ಹಣ ಕೊಡುತ್ತದೆಂದು ಕೇಳಿದರೆ ಮಲ್ಲೇಶ್ವರದ ಹಿರಿಯರು ಮೊದಲು ಹುಬ್ಬೇರಿಸಿಯಾರು. ಹೆತ್ತವರ ಸೇವೆಗೂ ಕೂಲಿಯೇ ಎಂದಾರು. ತುಸು ಹೊತ್ತು ಕಳೆದ ಮೇಲೆ, ಎಷ್ಟು ಕೊಡುತ್ತಾರಂತೆ ಎಂದೂ ವಿಚಾರಿಸಿಯಾರು. ಬ್ರಿಟನ್ನಿನಲ್ಲಿ ಅಂತಹ ಭತ್ಯೆಯೊಂದು 1976ರಿಂದ ಜಾರಿಯಲ್ಲಿದೆ. ಅದರ ಈಗಿನ ಹೆಸರು ‘ಕೇರರ್ಸ್ ಅಲೊವೆನ್ಸ್’. ಕನ್ನಡದಲ್ಲಿ ಶುಶ್ರೂಷಾ ಭತ್ಯೆ ಎನ್ನಬಹುದು. 2025–26ನೆಯ ಸಾಲಿನಲ್ಲಿ ಅದರ ಮೊತ್ತ ವಾರಕ್ಕೆ 83 ಪೌಂಡು 30 ಪೆನ್ಸು. ಹಣ ದೊಡ್ಡದಲ್ಲ. ಆದರೆ ಆ ಹಣ ಮನೆಯೊಳಕ್ಕೆ ಕಾಲಿಟ್ಟೊಡನೆ, ಮೊದಲೇ ಅಲ್ಲಿ ಬರುತ್ತಿದ್ದ ಬೇರೆ ಹಣಗಳ ಮೇಲೆ ಅದು ಮಾಡುವ ಪರಿಣಾಮ ಮಾತ್ರ ದೊಡ್ಡದು. ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳುಹಿಸಿಕೊಟ್ಟ ಮನೆಗಳು ಬೆಂಗಳೂರು ಮೈಸೂರುಗಳಲ್ಲಿ ಈಗ ಕಡಮೆಯೇನಿಲ್ಲವಾದ ಕಾರಣ, ಈ ಲೆಕ್ಕವನ್ನು ಇಲ್ಲಿಯೂ ಒಮ್ಮೆ ಬಿಡಿಸಿ ನೋಡುವುದು ಅಪ್ರಕೃತವಾಗಲಾರದು.

ಭತ್ಯೆಯ ಹಿಂದೆ ಒಬ್ಬ ಹೆಂಗಸಿನ ಕಥೆಯಿದೆ. ಮೇರಿ ವೆಬ್‌ಸ್ಟರ್ ಎಂಬಾಕೆ ಒಂದು ಚರ್ಚಿನಲ್ಲಿ ಧರ್ಮೋಪದೇಶಕಿಯಾಗಿದ್ದಳು. ಮದುವೆಯಾಗಿರಲಿಲ್ಲ. 1954ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳುವುದಕ್ಕಾಗಿ ಆಕೆ ಕೆಲಸ ಬಿಟ್ಟಳು. ಸಂಬಳ ನಿಂತಿತು, ಮುಂದೆ ಬರಬೇಕಾದ ನಿವೃತ್ತಿವೇತನಕ್ಕೂ ಕುತ್ತು ಬಂದಿತು. ತನ್ನಂತೆಯೇ ಮನೆಯೊಳಗೆ ಕಣ್ಮರೆಯಾಗಿ ಹೋದ ಅವಿವಾಹಿತ ಹೆಣ್ಣುಮಕ್ಕಳ ಸ್ಥಿತಿಯನ್ನು ಕುರಿತು 1963ರಲ್ಲಿ ಆಕೆ ಪತ್ರಿಕೆಗಳಿಗೆ ಕಾಗದ ಬರೆದಾಗ, ಅದಕ್ಕೆ ಬಂದ ಉತ್ತರಗಳೇ ಒಂದು ಚಳವಳಿಗೆ ಬೀಜವಾದುವು. 1965ರಲ್ಲಿ ಇಂತಹ ಒಂಟಿ ಮಹಿಳೆಯರದೇ ಆದ ಒಂದು ರಾಷ್ಟ್ರೀಯ ಸಮಿತಿ ಹುಟ್ಟಿತು. ಭತ್ಯೆ ಬರುವ ಹೊತ್ತಿಗೆ ಆಕೆ ಬದುಕಿರಲಿಲ್ಲ.

ಬಂದ ಭತ್ಯೆಯಾದರೂ ಎಲ್ಲರಿಗೂ ಬರಲಿಲ್ಲ. ವಿವಾಹಿತ ಸ್ತ್ರೀ ಹೇಗಿದ್ದರೂ ಮನೆಯಲ್ಲೇ ಇರತಕ್ಕವಳು, ಆಕೆ ಕಳೆದುಕೊಳ್ಳುವ ಸಂಬಳವೆಲ್ಲಿಯದು ಎಂಬ ವಾದದಿಂದ ಅವರನ್ನು ಹೊರಗಿಟ್ಟರು. ಈ ವಾದ ಕೇಳಿದರೆ ಕನ್ನಡದ ಗೃಹಿಣಿಯರಿಗೆ ಇಂಗ್ಲೆಂಡು ಪರದೇಶವೆನಿಸಲಾರದು. ತಾಯಿಯ ಸೇವೆಗಾಗಿ ಕೆಲಸ ಬಿಟ್ಟಿದ್ದ ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ ಯೂರೋಪಿನ ನ್ಯಾಯಾಲಯದವರೆಗೆ ಹೋದಳು. 1986ರ ಜೂನ್ 24ರಂದು ತೀರ್ಪು ಆಕೆಯ ಕಡೆಗೆ ಬಂದಿತು. ಹಾಗೆ, ಗಂಡುಳ್ಳ ಹೆಂಗಸಿನ ಶುಶ್ರೂಷೆಯೂ ಶುಶ್ರೂಷೆಯೇ ಎಂದು ಸರಕಾರ ಒಪ್ಪಿಕೊಳ್ಳಲು ಹತ್ತು ವರ್ಷ ಹಿಡಿಯಿತು. 2003ರಲ್ಲಿ ಭತ್ಯೆಗೆ ಇಂದಿನ ಹೆಸರು ಬಂದಿತು. ಸ್ಕಾಟ್ಲೆಂಡು 2023ರಿಂದ ಹಂತಹಂತವಾಗಿ ಇದಕ್ಕೆ ಬದಲಾಗಿ ತನ್ನದೇ ಆದ ಇನ್ನೊಂದು ಭತ್ಯೆಯನ್ನು ತಂದುಕೊಂಡಿತು. ಆದುದರಿಂದ ಮುಂದಿನ ಲೆಕ್ಕಗಳನ್ನು ಇಂಗ್ಲೆಂಡು ಮತ್ತು ವೇಲ್ಸಿನ ಲೆಕ್ಕಗಳೆಂದು ತಿಳಿಯತಕ್ಕದ್ದು. ಅಂಕಿಗಳೆಲ್ಲ 2025–26ನೆಯ ಸಾಲಿನವು.

ಭತ್ಯೆ ಬೇಕಾದವರು ವಾರಕ್ಕೆ ಕನಿಷ್ಠ 35 ಗಂಟೆ ರೋಗಿಯನ್ನು ನೋಡಿಕೊಳ್ಳಬೇಕು. ರೋಗಿಗೆ, ಅಂಗವೈಕಲ್ಯಕ್ಕೋ ವೃದ್ಧಾಪ್ಯದ ಅಶಕ್ತತೆಗೋ ಸಲ್ಲುವ ಗೊತ್ತಾದ ಕೆಲವು ಸಹಾಯಧನಗಳಲ್ಲಿ ಒಂದು ಬರುತ್ತಿರಬೇಕು. ವೃದ್ಧರಾದರೆ ಅದು ಸಾಮಾನ್ಯವಾಗಿ ‘ಅಟೆಂಡೆನ್ಸ್ ಅಲೊವೆನ್ಸ್’. ಒಬ್ಬ ರೋಗಿಯ ಹೆಸರಿನಲ್ಲಿ ಒಬ್ಬರಿಗೆ ಮಾತ್ರ ಭತ್ಯೆ. ಒಬ್ಬಳೇ ಸೊಸೆ ಅತ್ತೆಮಾವ ಇಬ್ಬರನ್ನೂ ನೋಡಿಕೊಂಡರೂ ಬರುವುದು ಒಂದೇ ಭತ್ಯೆ. 35 ಗಂಟೆಗೆ ಹಂಚಿದರೆ ಗಂಟೆಗೆ 2 ಪೌಂಡು 38 ಪೆನ್ಸು. ಅದೇ ವರ್ಷ ಆ ದೇಶದಲ್ಲಿ ಕೆಲಸದವರಿಗೆ ಕಾಯಿದೆಯಂತೆ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 12 ಪೌಂಡು 21 ಪೆನ್ಸು. ಇದನ್ನು ಕೂಲಿ ಎಂದು ಕರೆಯಬಾರದೆಂದು ಅಲ್ಲಿಯ ಸರಕಾರವೂ ಹೇಳುತ್ತದೆ. ಈ ಒಂದು ವಿಷಯದಲ್ಲಿ ಸರಕಾರದ ಮಾತು ಪೂರ್ಣವಾಗಿ ನಿಜ.

ಇನ್ನು ನಿಜವಾದ ಲೆಕ್ಕ. ಎಂಬತ್ತು ದಾಟಿದ ವಿಧವೆಯೊಬ್ಬಳು ತನ್ನ ಪುಟ್ಟ ಮನೆಯಲ್ಲಿ ಒಂಟಿಯಾಗಿದ್ದಾಳೆಂದು ಇಟ್ಟುಕೊಳ್ಳಬಹುದು. ಮಗಳ ಮನೆ ಎರಡು ಬೀದಿ ಆಚೆಗೆ. ತಾಯಿಯ ನಿವೃತ್ತಿವೇತನ ಸಾಲದಾದುದರಿಂದ ಸರಕಾರ ಅದಕ್ಕೆ ‘ಪೆನ್ಷನ್ ಕ್ರೆಡಿಟ್’ ಎಂಬ ಪೂರಕಧನವನ್ನು ಸೇರಿಸಿ ವಾರಕ್ಕೆ 227 ಪೌಂಡು 10 ಪೆನ್ಸಿಗೆ ಮುಟ್ಟಿಸುತ್ತದೆ. ಆಕೆಗೆ ಅಟೆಂಡೆನ್ಸ್ ಅಲೊವೆನ್ಸ್ ಬರುತ್ತಿದ್ದು, ಜೊತೆಯಲ್ಲಿ ಬೇರೆ ವಯಸ್ಕರಾರೂ ವಾಸವಾಗಿಲ್ಲದಿದ್ದರೆ, ತೀವ್ರ ಅಶಕ್ತತೆಗಾಗಿ ಇನ್ನೂ 82 ಪೌಂಡು 90 ಪೆನ್ಸು ಸೇರುತ್ತದೆ. ಒಂಟಿಯಾಗಿರುವ ಅಶಕ್ತರಿಗೆ ಖರ್ಚು ಹೆಚ್ಚು, ನೀರು ಕಾಯಿಸಿ ಕೊಡುವವರಿಗೂ ಹಣ ಕೊಡಬೇಕಾಗುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಒಳ್ಳೆಯ ತಿಳಿವಳಿಕೆ. ಆದರೆ ಇದಕ್ಕೆ ಇನ್ನೊಂದು ನಿಬಂಧನೆಯೂ ಉಂಟು: ಆಕೆಯನ್ನು ನೋಡಿಕೊಳ್ಳುವುದಕ್ಕಾಗಿ ಯಾರೂ ಶುಶ್ರೂಷಾ ಭತ್ಯೆಯನ್ನು ಪಡೆಯುತ್ತಿರಬಾರದು.

ಮಗಳು ಬೆಳಗ್ಗೆ ಸಂಜೆ ಬಂದು ತಾಯಿಗೆ ಸ್ನಾನ ಮಾಡಿಸಿ, ಅಡುಗೆ ಮಾಡಿಟ್ಟು, ರಾತ್ರಿ ಮಾತ್ರೆ ಕೊಟ್ಟು ಹೋಗುತ್ತಿರುವವರೆಗೆ ಎಲ್ಲವೂ ಸರಿ. ಯಾರೋ ಹಿತೈಷಿಗಳು, ಇಷ್ಟು ದುಡಿಯುತ್ತೀಯಲ್ಲ, ಅರ್ಜಿ ಹಾಕಬಾರದೇ ಎಂದು ಹೇಳುತ್ತಾರೆ. ಅರ್ಜಿ ಮಂಜೂರಾಗುತ್ತದೆ. ಮಗಳ ಕೈಗೆ ವಾರಕ್ಕೆ 83 ಪೌಂಡು 30 ಪೆನ್ಸು ಬರಲಾರಂಭಿಸುತ್ತದೆ. ತಾಯಿಯ ಕೈಯಿಂದ 82 ಪೌಂಡು 90 ಪೆನ್ಸು ಹೋಗುತ್ತದೆ. ಎರಡು ಮನೆಗಳನ್ನೂ ಒಟ್ಟಿಗೆ ಕೂಡಿ ಕಳೆದರೆ ಉಳಿಯುವ ಲಾಭ ನಲವತ್ತು ಪೆನ್ಸು.

ಅದೂ ಉಳಿದರೆ. ಶುಶ್ರೂಷಾ ಭತ್ಯೆಗೆ ವರಮಾನ ತೆರಿಗೆ ಉಂಟು. ತಾಯಿಗೆ ಬರುತ್ತಿದ್ದ ಪೂರಕಧನಕ್ಕೆ ಇಲ್ಲ. ಮಗಳು ಕೆಲಸದಿಂದ ಮೊದಲೇ ನಿವೃತ್ತಳಾಗಿ, ತೆರಿಗೆಯ ಮಿತಿಯನ್ನು ದಾಟಿದ ಖಾಸಗಿ ನಿವೃತ್ತಿವೇತನ ಪಡೆಯುತ್ತಿದ್ದಾಳೆಂದರೆ, ನೂರಕ್ಕೆ ಇಪ್ಪತ್ತರಂತೆ ತೆರಿಗೆ ಕಳೆದು ಅವಳಿಗೆ ದಕ್ಕುವುದು 66 ಪೌಂಡು 64 ಪೆನ್ಸು. ಆಗ ಸಂಸಾರಕ್ಕೆ ವಾರಕ್ಕೆ 16 ಪೌಂಡಿಗೂ ಮೇಲ್ಪಟ್ಟು ನಷ್ಟ. ತಾಯಿಮಗಳು ಒಂದೇ ಮನೆಯಲ್ಲಿದ್ದರೆ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಒಂಟಿತನದ ಪೂರಕಧನ ತಾಯಿಗೆ ಮೊದಲಿಂದಲೂ ಇರುವುದಿಲ್ಲ, ಹೋಗುವುದಕ್ಕೆ ಏನೂ ಇಲ್ಲ.

ಮಗಳ ಮನೆಯಲ್ಲಿಯೂ ಬಡತನವಿದ್ದರೆ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ದುಡಿಯುವ ವಯಸ್ಸಿನ ಬಡವರಿಗೆ ಅಲ್ಲಿ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಸಹಾಯಧನವನ್ನು ತಿಂಗಳಿಗೊಮ್ಮೆ ಕೊಡುತ್ತಾರೆ. ಅದನ್ನು ಪಡೆಯುವವಳು ಶುಶ್ರೂಷಾ ಭತ್ಯೆಯನ್ನೂ ಪಡೆದರೆ, ಭತ್ಯೆಯ ಒಂದೊಂದು ಪೌಂಡಿಗೂ ಸಹಾಯಧನದಲ್ಲಿ ಒಂದೊಂದು ಪೌಂಡು ಕಡಮೆಯಾಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಆದರೆ ಶುಶ್ರೂಷೆ ಮಾಡುವವರಿಗೆಂದು ಆ ಸಹಾಯಧನದೊಳಗೇ ತಿಂಗಳಿಗೆ 201 ಪೌಂಡು 68 ಪೆನ್ಸಿನ ಒಂದು ಭಾಗವಿದೆ. ಅವಳ ನಿಜವಾದ ಲಾಭ ಅದು. ಅದನ್ನು ಕೇಳುವುದಕ್ಕೆ ಭತ್ಯೆಯ ಅರ್ಜಿ ಹಾಕಿರಲೇಬೇಕೆಂಬ ನಿಯಮವಿಲ್ಲ. ಕೆಲಸ ಹುಡುಕಲೇಬೇಕೆಂಬ ಒತ್ತಾಯದಿಂದಲೂ ಅವಳಿಗೆ ಬಿಡುಗಡೆ ಸಿಗುತ್ತದೆ. ಅದು ಸಣ್ಣ ನೆಮ್ಮದಿಯಲ್ಲ. ಒಂಟಿ ತಾಯಿಯ ವಿಷಯದಲ್ಲಿ ಮಾತ್ರ ಈ ಭಾಗವೂ ಭತ್ಯೆಯಂತೆಯೇ ಕೆಲಸ ಮಾಡುತ್ತದೆ. ಮಗಳಿಗೆ ಇದು ಬಂದರೂ ತಾಯಿಯ ಪೂರಕಧನ ನಿಲ್ಲುತ್ತದೆ. ತಾಯಿಗೆ ಹೋಗುವುದು ತಿಂಗಳಿಗೆ ಸುಮಾರು 359 ಪೌಂಡು, ಮಗಳಿಗೆ ಬರುವುದು ಸುಮಾರು 202. ಎರಡು ಬಡಮನೆಗಳ ನಡುವೆ ತಿಂಗಳಿಗೆ 157 ಪೌಂಡು ಕಣ್ಮರೆಯಾಯಿತು. ಯಾರೂ ಕದಿಯಲಿಲ್ಲ, ಎಲ್ಲವೂ ನಿಯಮದಂತೆಯೇ ನಡೆಯಿತು.

ಇದೇ ಭತ್ಯೆ ಅನುಕೂಲಸ್ಥರ ಮನೆಗೆ ಹೋದಾಗ ಹೇಗೆ ನಡೆದುಕೊಳ್ಳುತ್ತದೆಂಬುದನ್ನೂ ನೋಡಬೇಕು. ಶುಶ್ರೂಷಾ ಭತ್ಯೆಗೆ ಗಂಡನ ಸಂಬಳವನ್ನು ಕೇಳುವುದಿಲ್ಲ, ಬ್ಯಾಂಕಿನಲ್ಲಿರುವ ಠೇವಣಿಯನ್ನು ಕೇಳುವುದಿಲ್ಲ. ವೈದ್ಯನೊಬ್ಬನ ಹೆಂಡತಿ ಕೆಲಸಕ್ಕೆ ಹೋಗದೆ, ಸ್ವಂತ ಹಣದಿಂದ ಬಾಳುವ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರೆ, ಅತ್ತೆಗೆ ಪೆನ್ಷನ್ ಕ್ರೆಡಿಟ್ ಎಂಬುದೇ ಇಲ್ಲವಾದ ಕಾರಣ ಕಳೆಯುವುದಕ್ಕೇನೂ ಇಲ್ಲ. 83 ಪೌಂಡು 30 ಪೆನ್ಸು ಇಡಿಯಾಗಿ ಉಳಿಯುತ್ತದೆ. ಇದ್ದವರಿಗೆ ಪೂರ್ತಿ, ಇಲ್ಲದವರಿಗೆ ನಲವತ್ತು ಪೆನ್ಸು. ಹೀಗಾಗಲೆಂದು ಯಾರೂ ಶಾಸನ ಬರೆಯಲಿಲ್ಲ, ನಿಜ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮಂತ್ರಿಗಳು ಕಟ್ಟಿದ ಗೋಡೆಗಳು ಒಂದು ಮೂಲೆಯಲ್ಲಿ ಕೂಡಿಕೊಂಡುವು; ಬಡವರ ಮನೆ ಆ ಮೂಲೆಯಲ್ಲಿತ್ತು.

ಹಾಗಾದರೆ ಎರಡು ಬೀದಿ ಆಚೆಗಿರುವ ಮಗಳು ಸುಮ್ಮನಿರಬೇಕೇ? ಇರಬೇಕಾಗಿಲ್ಲ. ಭತ್ಯೆಯಿಂದ ಹಣವಲ್ಲದೆ ಇನ್ನೊಂದು ಉಪಕಾರವುಂಟು: ಭತ್ಯೆ ಪಡೆದ ಪ್ರತಿ ವಾರವೂ ಅವಳ ರಾಷ್ಟ್ರೀಯ ವಿಮೆಯ ಖಾತೆಯಲ್ಲಿ, ದುಡಿದು ವಂತಿಗೆ ಕಟ್ಟಿದಂತೆ, ಜಮಾ ಆಗುತ್ತದೆ. ಹೊಸ ಪದ್ಧತಿಯ ಪೂರ್ಣ ನಿವೃತ್ತಿವೇತನಕ್ಕೆ ಸಾಮಾನ್ಯವಾಗಿ 35 ವರ್ಷಗಳ ಇಂತಹ ದಾಖಲೆ ಬೇಕು. ತಾಯಿಯ ಸೇವೆಯಲ್ಲಿ ಹತ್ತು ವರ್ಷ ಕಳೆದವಳಿಗೆ ತನ್ನ ಮುಪ್ಪಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಮೇರಿ ವೆಬ್‌ಸ್ಟರಳ ಅಳಲಿನಲ್ಲಿ ಅರ್ಧ ಇದೇ ಆಗಿತ್ತು. ಆದರೆ ಈ ಜಮಾ ಬೇರೆ ದಾರಿಯಿಂದಲೂ ಬರುತ್ತದೆ. 2010ರಿಂದ ‘ಕೇರರ್ಸ್ ಕ್ರೆಡಿಟ್’ ಎಂಬ ಪ್ರತ್ಯೇಕ ಏರ್ಪಾಡು ಇದೆ. ವಾರಕ್ಕೆ 20 ಗಂಟೆ ಶುಶ್ರೂಷೆ ಮಾಡಿದರೆ ಸಾಕು. ಕೈಗೆ ಹಣ ಬರುವುದಿಲ್ಲ, ದಾಖಲೆ ಮಾತ್ರ ಬೆಳೆಯುತ್ತದೆ. ತಾಯಿಯ ಪೂರಕಧನಕ್ಕೆ ಒಂದು ಪೆನ್ನಿಯ ಧಕ್ಕೆಯೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಾಯಿಯ ಹಣವನ್ನು ತಾಯಿಗೇ ಬಿಟ್ಟು ಈ ಜಮಾವನ್ನು ಪಡೆಯುವುದು ಎಷ್ಟೋ ಸಂಸಾರಗಳಿಗೆ ಮೇಲು. ಭತ್ಯೆಯಷ್ಟು ಪ್ರಸಿದ್ಧಿ ಇದಕ್ಕಿಲ್ಲವೆಂಬುದೇ ಕೊರತೆ.

ತಾಯಿಯ ಹಣ ಹೋಗುತ್ತದೆಂಬುದನ್ನು ಸರಕಾರ ಮುಚ್ಚಿಟ್ಟಿಲ್ಲ. ಅರ್ಜಿ ಹಾಕುವವರಿಗೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಎರಡು ಕಚೇರಿಗಳ ಭಾಷೆಯನ್ನು ಒಟ್ಟಿಗೆ ಓದಿ ತಿಳಿಯಬೇಕಾದವಳು ಮಾತ್ರ, ರಾತ್ರಿ ಮೂರು ಸಲ ಎದ್ದು ಬೆಳಗ್ಗೆ ಕಣ್ಣು ಕೂರುತ್ತಿರುವ ಮಗಳು. ಇಬ್ಬರ ಲೆಕ್ಕವನ್ನೂ ಒಟ್ಟಿಗೆ ನೋಡಿ ಹೇಳುವ ‘ಸಿಟಿಜನ್ಸ್ ಅಡ್ವೈಸ್’ ಸಂಸ್ಥೆಯ ಕಚೇರಿಗಳು ಊರೂರುಗಳಲ್ಲಿವೆ, ಸಲಹೆಗೆ ದುಡ್ಡಿಲ್ಲ. ಅರ್ಜಿಗೆ ಮುಂಚೆ ಅಲ್ಲಿಗೆ ಹೋಗತಕ್ಕದ್ದು, ಅನಂತರವಲ್ಲ.

ಇದಕ್ಕೆ ತದ್ವಿರುದ್ಧವಾದ ವಿಚಿತ್ರವೊಂದು ವೃದ್ಧ ದಂಪತಿಗಳ ವಿಷಯದಲ್ಲಿ ಕಾಣುತ್ತದೆ. ಎಪ್ಪತ್ತರ ಗಂಡ ಮರೆವಿನ ರೋಗದ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದಾನೆ. ಅವನಿಗೆ ಸರಕಾರಿ ನಿವೃತ್ತಿವೇತನವಿದೆ. ಒಬ್ಬನ ಜೀವನಾಧಾರಕ್ಕೆಂದು ಎರಡು ಕಡೆಯಿಂದ ಹಣ ಸಲ್ಲದು ಎಂಬ ತತ್ತ್ವದಂತೆ, ನಿವೃತ್ತಿವೇತನ ಭತ್ಯೆಗಿಂತ ಹೆಚ್ಚಾಗಿದ್ದರೆ ಭತ್ಯೆಯ ಹಣ ಬರುವುದಿಲ್ಲ. ಕಡಮೆಯಿದ್ದರೆ ವ್ಯತ್ಯಾಸ ಮಾತ್ರ ಬರುತ್ತದೆ. ಅವನು ಅರ್ಜಿ ಹಾಕಿದರೆ, ನಿಮಗೆ ಭತ್ಯೆಯ ಹಕ್ಕುಂಟು, ಹಣವಿಲ್ಲ ಎಂಬ ಅರ್ಥದ ಕಾಗದ ಬರುತ್ತದೆ. ಮಾನವಂತನಾದ ಮುದುಕ ಅದನ್ನು ಹರಿದು ಬಿಸಾಡಿಯಾನು. ಬಿಸಾಡಬಾರದು. ಆ ಕಾಗದವೇ ಇನ್ನೊಂದು ಬಾಗಿಲಿನ ಕೀಲಿಕೈ. ದಂಪತಿಗಳು ಪೆನ್ಷನ್ ಕ್ರೆಡಿಟ್ಟಿಗೆ ಅರ್ಹರಾಗಿದ್ದರೆ, ಈ ಬರಿಯ ಹಕ್ಕಿನ ಆಧಾರದ ಮೇಲೆ ವಾರಕ್ಕೆ 46 ಪೌಂಡು 40 ಪೆನ್ಸು ಹೆಚ್ಚು ಬರುತ್ತದೆ. ಸ್ವಲ್ಪದರಲ್ಲಿ ಅರ್ಹತೆ ತಪ್ಪಿದವರು ಈ ಹೆಚ್ಚಳದಿಂದಲೇ ಅರ್ಹರಾಗುವುದೂ ಉಂಟು. ಬಾರದ ಹಣಕ್ಕೆ ಅರ್ಜಿ ಹಾಕಿದವನಿಗೆ ಬೇರೆ ಹಣ ಬರುತ್ತದೆ. ಬಾರದೆಂದು ತಿಳಿದು ಸುಮ್ಮನಿದ್ದ ಬುದ್ಧಿವಂತನಿಗೆ ಎರಡೂ ಇಲ್ಲ. ಇನ್ನೂ ಒಂದು ಸೂಕ್ಷ್ಮ: ಒಂಟಿ ರೋಗಿಯ ಪೂರಕಧನ ನಿಲ್ಲುವುದು ಭತ್ಯೆಯ ಹಣ ನಿಜವಾಗಿ ಸಂದಾಗ ಮಾತ್ರ. ಬರಿಯ ಹಕ್ಕಿನಿಂದ ಅದಕ್ಕೆ ಬಾಧೆಯಿಲ್ಲ. ಆದುದರಿಂದ ಒಂಟಿ ತಾಯಿಯನ್ನು ನೋಡಿಕೊಳ್ಳುವ ಮಗಳೂ ನಿವೃತ್ತಿವೇತನದ ವಯಸ್ಸಿನವಳಾಗಿದ್ದು, ಭತ್ಯೆಯ ಹಣ ಅವಳಿಗೆ ಒಂದಿಷ್ಟೂ ಸಲ್ಲದಿದ್ದರೆ, ಅವಳು ಧೈರ್ಯವಾಗಿ ಅರ್ಜಿ ಹಾಕಬಹುದು.

ದುಡಿಯುತ್ತಲೇ ಶುಶ್ರೂಷೆ ಮಾಡುವವರ ಪಾಡು ಬೇರೆ. ತೆರಿಗೆ ಮೊದಲಾದುವನ್ನು ಕಳೆದು ವಾರಕ್ಕೆ 196 ಪೌಂಡಿನವರೆಗೆ ಸಂಪಾದಿಸಬಹುದು. ಅದಕ್ಕಿಂತ ಒಂದು ಪೌಂಡು ಹೆಚ್ಚಾದರೆ ಒಂದು ಪೌಂಡಲ್ಲ, ಆ ವಾರದ ಭತ್ಯೆಯೆಲ್ಲ ಹೋಗುತ್ತದೆ. ವರ್ಷವಿಡೀ ವಾರಕ್ಕೊಂದು ಪೌಂಡು ಹೆಚ್ಚಾಗಿ ದುಡಿದವಳು, 52 ಪೌಂಡಿನ ಆಸೆಗಾಗಿ, ಅಥವಾ ಆಸೆಯೂ ಇಲ್ಲದೆ ಅಂಗಡಿಯ ಯಜಮಾನ ಕೂಲಿ ಹೆಚ್ಚಿಸಿದನೆಂಬ ಕಾರಣಕ್ಕಾಗಿ, 4,331 ಪೌಂಡು 60 ಪೆನ್ಸು ಹಿಂದಿರುಗಿಸಬೇಕಾಗುತ್ತದೆ. ಇಂತಹ ಬಾಕಿಗಳು ವರ್ಷಗಟ್ಟಲೆ ಬೆಳೆದು, ಸಾವಿರಾರು ಮಂದಿಗೆ ಒಮ್ಮೆಲೇ ನೋಟೀಸು ಬಂದುದು ಅಲ್ಲಿ ದೊಡ್ಡ ಹಗರಣವಾಯಿತು. ಲಿಜ್ ಸೇಸ್ ಎಂಬಾಕೆಯ ನೇತೃತ್ವದಲ್ಲಿ ಸರಕಾರ 2024ರಲ್ಲಿ ನೇಮಿಸಿದ ಸ್ವತಂತ್ರ ವಿಚಾರಣೆಯ ವರದಿ 2025ರ ನವೆಂಬರಿನಲ್ಲಿ ಹೊರಬಂದಿತು. ವಾರದಿಂದ ವಾರಕ್ಕೆ ಏರಿಳಿಯುವ ಸಂಬಳದ ಸರಾಸರಿಯನ್ನು ಹೇಗೆ ತೆಗೆಯಬೇಕೆಂಬ ಇಲಾಖೆಯ ಸೂಚನೆಗಳೇ ದೋಷಯುಕ್ತವಾಗಿದ್ದುವೆಂದು ಅದರಿಂದ ಖಚಿತವಾಯಿತು. 2015ರಿಂದೀಚಿನ ಪ್ರಕರಣಗಳನ್ನು ಮತ್ತೆ ಪರಿಶೀಲಿಸಲು ಸರಕಾರ ಒಪ್ಪಿತು. ತಪ್ಪು ಕಚೇರಿಯದು, ಸಾಲಗಾರಳೆಂಬ ಹೆಸರು ಮಾತ್ರ ಶುಶ್ರೂಷೆ ಮಾಡಿದವಳದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಮಾತಿನ ಅರ್ಥ ಆ ಇಲಾಖೆಗೆ ಹೇಗೆ ತಿಳಿಯಬೇಕು!

ಕರ್ನಾಟಕದಿಂದ ಹೋದವರಿಗೆ ಈ ಎಲ್ಲಕ್ಕೂ ಮುಂಚಿನ ಪ್ರಶ್ನೆಯೊಂದಿದೆ. ಉದ್ಯೋಗದ ವೀಸಾದ ಮೇಲೆ ಅಲ್ಲಿರುವ ದಾದಿಯಾಗಲಿ ಎಂಜಿನಿಯರಾಗಲಿ ಸಾಮಾನ್ಯವಾಗಿ ಸಾರ್ವಜನಿಕ ನಿಧಿಗಳಿಗೆ ಕೈಚಾಚಬಾರದೆಂಬ ಷರತ್ತಿಗೆ ಒಳಪಟ್ಟವರು. ಶುಶ್ರೂಷಾ ಭತ್ಯೆ, ಅಟೆಂಡೆನ್ಸ್ ಅಲೊವೆನ್ಸ್, ಯೂನಿವರ್ಸಲ್ ಕ್ರೆಡಿಟ್, ಪೆನ್ಷನ್ ಕ್ರೆಡಿಟ್ ಎಲ್ಲವೂ ಆ ನಿಷಿದ್ಧ ಪಟ್ಟಿಯಲ್ಲಿವೆ. ನೆರೆಯವರು ಪಡೆಯುತ್ತಾರೆಂದು ತಾವೂ ಅರ್ಜಿ ಹಾಕಿದರೆ ವೀಸಾಕ್ಕೇ ಸಂಚಕಾರ. ಅಲ್ಲಿಯೇ ಖಾಯಮ್ಮಾಗಿ ನೆಲೆಸುವ ಹಕ್ಕು ಪಡೆದವರಿಗೆ ಈ ತಡೆಯಿಲ್ಲ. ಆದರೂ ಭತ್ಯೆಗೆ ಸಾಧಾರಣವಾಗಿ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಆ ದೇಶದಲ್ಲಿದ್ದಿರಬೇಕು. ವೃದ್ಧ ತಾಯಿತಂದೆಯರನ್ನು ಅವಲಂಬಿತರೆಂದು ಖಾಯಮ್ಮಾಗಿ ಕರೆಸಿಕೊಳ್ಳುವ ವೀಸಾ ಸಿಗುವುದೇ ಕಷ್ಟ. ಸಿಕ್ಕಿದರೂ, ಐದು ವರ್ಷ ಇವರನ್ನು ನಾನೇ ಸಾಕುತ್ತೇನೆಂದು ಮಗ ಬರೆದುಕೊಡಬೇಕು.  ತಾಯಿಗೆ ಅಟೆಂಡೆನ್ಸ್ ಅಲೊವೆನ್ಸ್ ಇಲ್ಲದಿದ್ದರೆ ಸೊಸೆಗೆ ಶುಶ್ರೂಷಾ ಭತ್ಯೆಯೂ ಇಲ್ಲ.

ಒಂದರ ಮೇಲೊಂದು ನಿಂತ ಈ ಏರ್ಪಾಡಿನಲ್ಲಿ ಕೆಳಗಿನ ಕಂಬ ಯಾವಾಗಲೂ ರೋಗಿಯದೇ. ರೋಗಿ ನಾಲ್ಕು ವಾರ ಆಸ್ಪತ್ರೆಯಲ್ಲಿದ್ದರೆ ಆಕೆಯ ಅಟೆಂಡೆನ್ಸ್ ಅಲೊವೆನ್ಸ್ ನಿಲ್ಲುತ್ತದೆ. ಅದರೊಡನೆ ಮಗಳ ಭತ್ಯೆಯೂ ನಿಲ್ಲುತ್ತದೆ, ಮಗಳು ದಿನವೂ ಆಸ್ಪತ್ರೆಗೆ ಗಂಜಿ ಹೊತ್ತು ಹೋಗುತ್ತಿದ್ದರೂ ಸರಿಯೆ. ತಾಯಿ ತೀರಿಕೊಂಡರೆ ಭತ್ಯೆ ಎಂಟು ವಾರ ಮುಂದುವರಿಯುತ್ತದೆ. ಸಾವಿನ ಸುದ್ದಿಯನ್ನು ಭತ್ಯೆಯ ಕಚೇರಿಗೂ ಯೂನಿವರ್ಸಲ್ ಕ್ರೆಡಿಟ್ಟಿನ ಕಚೇರಿಗೂ ಬೇರೆ ಬೇರೆಯಾಗಿ ತಿಳಿಸಿರುವುದು ಕ್ಷೇಮ; ಒಂದಕ್ಕೆ ತಿಳಿದುದು ಇನ್ನೊಂದಕ್ಕೆ ತಿಳಿದೀತೆಂದು ನಂಬಿ ಕೂರುವ ಹಾಗಿಲ್ಲ.